ಊರಬೀದಿಯ ಪ್ರಾಣಿಗಳೂ ಛಾಯಾಚಿತ್ರವೂ

೧

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿರುವ ಶಿಲಾಶಾಸನವೊಂದನ್ನು ಕನ್ನಡನಾಡಿನ ಇತಿಹಾಸಪ್ರಿಯರು ಬಲ್ಲರು. ಕ್ರಿ. ಶ. ೯೪೯-೫೦ರ ಸುಮಾರಿಗೆ ಸೇರಿದ ಆ ಕಲ್ಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಪ್ರಸ್ತಾಪವಿದೆ. ಅದರ ಜೊತೆಗೆ ಒಂದು ನಾಯಿಯ ಕಥೆಯೂ ಇದೆ. ಗಂಗರ ಬೂತುಗನು ತನ್ನ ಭಟನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಕಾಳಿಯೆಂಬ ಬೇಟೆನಾಯಿಯನ್ನು ಅವನಿಗೆ ಕೊಟ್ಟನು. ಆ ನಾಯಿಯು ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಕಾದಿತು. ಎರಡೂ ಒಟ್ಟಿಗೆ ಸತ್ತುವು. ಅದರ ನೆನಪಿಗೆಂದು ಕಲ್ಲನ್ನು ನಿಲ್ಲಿಸಿ, ನಾಯಿಯೂ ಹಂದಿಯೂ ಹೋರಾಡುತ್ತಿರುವ ಚಿತ್ರವನ್ನು ಅದರ ಮೇಲೆ ಕಡೆಯಿಸಿದರು.

ಪ್ರಾಣಿಯೊಂದರ ಹೆಸರೂ ರೂಪವೂ ಸಾವಿರ ವರ್ಷ ಉಳಿದುಬಂದುದು ಸಂತೋಷದ ವಿಷಯವೇ ಸರಿ. ಆದರೆ ಕಾಳಿಯು ಅರಸನ ಮನೆಯ ನಾಯಿ. ಅದೇ ಕಾಲದಲ್ಲಿ ಅದೇ ಊರಿನ ಬೀದಿಯಲ್ಲಿ ಬೂದಿಯ ಗುಡ್ಡೆಯ ಮೇಲೆ ಮಲಗಿ, ಮನೆಮನೆಯ ಮುಂದಿನ ಎಂಜಲನ್ನು ತಿಂದು, ರಾತ್ರಿಯೆಲ್ಲ ಬೊಗಳಿ ಊರನ್ನು ಕಾಯುತ್ತಿದ್ದ ನಾಯಿಗಳೂ ಇದ್ದಿರಲೇಬೇಕು. ಅವುಗಳಿಗಾಗಿ ಯಾರೂ ಕಲ್ಲನ್ನು ನೆಡಲಿಲ್ಲ. ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಯೂರೋಪಿನ ಆಸ್ಥಾನಗಳಲ್ಲಿ ಚಿತ್ರಕಾರರು ದೊರೆಗಳ ಬೇಟೆನಾಯಿಗಳನ್ನೂ ಕುದುರೆಗಳನ್ನೂ ಬಹು ಶ್ರದ್ಧೆಯಿಂದ ಬರೆದರು. ಯಜಮಾನನಿದ್ದ ಪ್ರಾಣಿಗೆ ಚಿತ್ರವುಂಟು. ಯಜಮಾನನಿಲ್ಲದ ಪ್ರಾಣಿಯು ಚಿತ್ರದೊಳಕ್ಕೆ ಬಂದರೂ ಮೂಲೆಯಲ್ಲಿ, ಬೀದಿಯ ಗದ್ದಲವನ್ನು ಸೂಚಿಸುವುದಕ್ಕಾಗಿ ಮಾತ್ರ ಬಂದಿತು. ಚಿತ್ರಕ್ಕೆ ಹಣವನ್ನು ಕೊಡುವವನು ಬೇಕಾಗಿದ್ದ ಕಾಲದಲ್ಲಿ ಬೀದಿಯ ಬೆಕ್ಕಿನ ಪರವಾಗಿ ಹಣವನ್ನು ಕೊಡುವವರಾರು?

ಈ ಸ್ಥಿತಿಯನ್ನು ಬದಲಾಯಿಸಿದುದು ಛಾಯಾಚಿತ್ರದ ಯಂತ್ರ. ಆದರೆ ಬದಲಾವಣೆಯು ಒಂದೇ ದಿನದಲ್ಲಿ ಆಗಲಿಲ್ಲ. ಮೊದಲ ಐವತ್ತು ವರ್ಷಗಳ ಕಾಲ ಆ ಯಂತ್ರಕ್ಕೆ ಬೀದಿಯ ಪ್ರಾಣಿಗಳು ಕಾಣಿಸಲೇ ಇಲ್ಲವೆಂದರೂ ತಪ್ಪಾಗಲಾರದು.

೨

೧೮೩೮ನೆಯ ಇಸವಿಯಲ್ಲಿ ಫ್ರಾನ್ಸು ದೇಶದ ಡಾಗೇರನು ಪ್ಯಾರಿಸ್ ನಗರದಲ್ಲಿ ತನ್ನ ಮನೆಯ ಕಿಟಕಿಯಿಂದ ಬುಲ್ವಾರ್ ದು ತಾಂಪ್ಲ್ ಎಂಬ ದೊಡ್ಡ ಬೀದಿಯ ಚಿತ್ರವನ್ನು ಬೆಳ್ಳಿಯ ಲೇಪವುಳ್ಳ ತಗಡಿನ ಮೇಲೆ ತೆಗೆದನು. ಆ ಬೀದಿಯು ನಾಟಕಶಾಲೆಗಳಿಂದಲೂ ಅಂಗಡಿಗಳಿಂದಲೂ ತುಂಬಿದ್ದುದು. ಹಗಲೆಲ್ಲ ಕುದುರೆಗಾಡಿಗಳ ಓಡಾಟ ನಿಲ್ಲುತ್ತಿರಲಿಲ್ಲ. ಚಿತ್ರದಲ್ಲಾದರೋ ಬೀದಿ ಬರಿದಾಗಿದೆ. ಮನೆಗಳ ಸಾಲು, ಮರಗಳ ಸಾಲು, ನೆಲಗಟ್ಟು, ಎಲ್ಲವೂ ಸ್ಪಷ್ಟವಾಗಿವೆ. ಕುದುರೆ ಒಂದೂ ಇಲ್ಲ. ಒಂದು ಮೂಲೆಯಲ್ಲಿ ಪಾದರಕ್ಷೆಗೆ ಮೆರುಗು ಹಾಕಿಸಿಕೊಳ್ಳುತ್ತ ಕಾಲನ್ನೆತ್ತಿ ನಿಂತ ಮನುಷ್ಯನೊಬ್ಬನು ಮಾತ್ರ ಕಾಣುತ್ತಾನೆ. ೧೮೩೯ರಲ್ಲಿ ಪ್ಯಾರಿಸಿಗೆ ಬಂದಿದ್ದ ಅಮೆರಿಕದ ಸ್ಯಾಮ್ಯುಯೆಲ್ ಮಾರ್ಸನು ಈ ತಗಡನ್ನು ಕಣ್ಣಾರೆ ನೋಡಿ ತನ್ನ ದೇಶಕ್ಕೆ ಬರೆದ ಪತ್ರದಲ್ಲಿ ಈ ಸೋಜಿಗವನ್ನು ವಿವರಿಸಿದನು. ಚಲಿಸುವ ವಸ್ತು ತಗಡಿನ ಮೇಲೆ ನಿಲ್ಲುವುದಿಲ್ಲವೆಂಬ ಕಾರಣವನ್ನೂ ಅವನು ಆಗಲೇ ಗುರುತಿಸಿದ್ದನು.

ಕಾರಣವು ಸರಳವಾದುದು. ಡಾಗೇರನ ತಗಡಿಗೆ ಬೆಳಕನ್ನು ಹೀರಿಕೊಳ್ಳಲು ಹಲವು ನಿಮಿಷಗಳು ಬೇಕಾಗಿದ್ದುವು. ಅಷ್ಟು ಹೊತ್ತು ಒಂದೆಡೆ ನಿಂತದ್ದು ಮಾತ್ರ ಅದರ ಮೇಲೆ ಮೂಡುತ್ತಿದ್ದಿತು. ಹಾದುಹೋದದ್ದು ತನ್ನ ಗುರುತನ್ನು ಬಿಡದೆ ಅಳಿಸಿಹೋಗುತ್ತಿದ್ದಿತು. ಮನುಷ್ಯನಿಗಾದರೆ ಅಲುಗದೆ ಕುಳಿತಿರೆಂದು ಹೇಳಬಹುದು. ತಲೆಯನ್ನು ಹಿಂದಿನಿಂದ ಕಬ್ಬಿಣದ ಕವೆಯಿಂದ ಆನಿಸಿ ನಿಲ್ಲಿಸಲೂಬಹುದು. ಬೀದಿಯ ನಾಯಿಗೆ ಇದನ್ನು ಹೇಳುವುದು ಹೇಗೆ?

೧೮೫೧ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರನು ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹಚ್ಚುವ ಹೊಸ ವಿಧಾನವನ್ನು ಪ್ರಕಟಿಸಿದನು. ಇದರಿಂದ ಕಾಲದ ಮಿತಿಯು ನಿಮಿಷಗಳಿಂದ ಕೆಲವು ಸೆಕೆಂಡುಗಳಿಗೆ ಇಳಿಯಿತು. ಆದರೆ ಬೇರೊಂದು ತೊಡಕು ಬಂದು ಸೇರಿತು. ಗಾಜಿನ ಮೇಲಿನ ಲೇಪವು ಹಸಿಯಾಗಿರುವಾಗಲೇ ಚಿತ್ರವನ್ನು ತೆಗೆದು, ಕೂಡಲೆ ಕತ್ತಲೆಯ ಕೋಣೆಗೆ ಒಯ್ದು ತೊಳೆಯಬೇಕಾಗಿದ್ದಿತು. ಬೀದಿಗೆ ಹೊರಟವನು ಗುಡಾರ, ಸೀಸೆಗಳು, ನೀರು, ಮುಕ್ಕಾಲಿ ಇವೆಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಹೊರಡಬೇಕು. ಇಷ್ಟು ಸನ್ನಾಹವನ್ನು ಕಂಡ ಬೆಕ್ಕು ಗೋಡೆಯ ಮೇಲೆ ಉಳಿಯುವುದುಂಟೆ?

ಆದುದರಿಂದ ಆ ಕಾಲದ ಪ್ರಾಣಿಚಿತ್ರಗಳಲ್ಲಿ ಹೆಚ್ಚಿನವು ಮಲಗಿದ ಪ್ರಾಣಿಗಳವು, ಕಟ್ಟಿಹಾಕಿದ ಪ್ರಾಣಿಗಳವು, ಇಲ್ಲವೆ ಸತ್ತು ಹುಲ್ಲು ತುಂಬಿಸಿಕೊಂಡ ಪ್ರಾಣಿಗಳವು. ೧೮೫೨ರಲ್ಲಿ ಮೊಂತಿಸೋನ್ ಪ್ರಭುವು ಲಂಡನ್ನಿನ ಮೃಗಶಾಲೆಯಲ್ಲಿ ತೆಗೆದ ನೀರ್ಗುದುರೆಯ ಚಿತ್ರವು ಪ್ರಸಿದ್ಧವಾಗಿದೆ. ನೈಲ್ ನದಿಯಲ್ಲಿ ಸೆರೆಸಿಕ್ಕಿ ೧೮೫೦ರಲ್ಲಿ ಲಂಡನ್ನಿಗೆ ಬಂದ ಆ ಪ್ರಾಣಿಯ ಹೆಸರು ಓಬೇಶ್. ಚಿತ್ರದಲ್ಲಿ ಅದು ಕೊಳದ ಬದಿಯಲ್ಲಿ ನಿಶ್ಚಿಂತೆಯಿಂದ ನಿದ್ರೆಮಾಡುತ್ತಿದೆ. ಕಂಬಿಗಳ ಹಿಂದೆ ಜನರು ನಿಂತು ನೋಡುತ್ತಿದ್ದಾರೆ. ನಿದ್ರೆಯೇ ಆ ಚಿತ್ರವನ್ನು ಸಾಧ್ಯವಾಗಿಸಿತು.

ಬೆಕ್ಕುಗಳ ಚಿತ್ರಗಳಿಂದ ಮೊದಲು ಹೆಸರು ಪಡೆದವರಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಹ್ಯಾರಿ ಪಾಯಿಂಟರನನ್ನು ಹೇಳಬೇಕು. ೧೮೭೦ರ ಸುಮಾರಿಗೆ ಅವನು ತನ್ನ ಚಿತ್ರಶಾಲೆಯಲ್ಲಿ ಬೆಕ್ಕುಗಳನ್ನು ಬಗೆಬಗೆಯ ಭಂಗಿಗಳಲ್ಲಿ ಕೂರಿಸಿ, ಕಿರಿಯ ಕಾಗದಗಳ ಮೇಲೆ ಅಚ್ಚಿಳಿಸಿ ಮಾರತೊಡಗಿದನು. ಚಹಾ ಕುಡಿಯುವ ಬೆಕ್ಕು, ಚಕ್ರದ ಬಂಡಿಯ ಮೇಲೆ ಕುಳಿತ ಬೆಕ್ಕು, ಇತ್ಯಾದಿ. ಇವು ಜನರಿಗೆ ಬಹಳ ಹಿಡಿಸಿದುವು. ಆದರೆ ಇವು ಮನುಷ್ಯನ ವೇಷವನ್ನು ತೊಟ್ಟ ಬೆಕ್ಕುಗಳು. ತನ್ನ ಪಾಡಿಗೆ ತಾನು ಬೀದಿಯಲ್ಲಿ ನಡೆದುಹೋಗುವ ಬೆಕ್ಕು ಇನ್ನೂ ಚಿತ್ರದ ಹೊರಗೇ ಉಳಿದಿದ್ದಿತು.

೩

ಚಲನೆಯನ್ನು ಹಿಡಿಯುವ ಶಕ್ತಿಯು ಯಂತ್ರಕ್ಕೆ ಬಂದುದು ಒಣಫಲಕಗಳಿಂದ. ೧೮೭೧ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯನು ಕೊಲೋಡಿಯನ್ನಿನ ಬದಲು ಜೆಲಟಿನ್ನನ್ನು ಉಪಯೋಗಿಸಬಹುದೆಂದು ತೋರಿಸಿದನು. ಮುಂದಿನ ಹತ್ತು ವರ್ಷಗಳಲ್ಲಿ ಇತರರು ಅದನ್ನು ಸುಧಾರಿಸಿದರು. ಫಲಕವನ್ನು ಮೊದಲೇ ಸಿದ್ಧಪಡಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಬಹುದಾಯಿತು. ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಬೆಳಕು ಬಿದ್ದರೂ ಚಿತ್ರವು ಮೂಡುವಂತಾಯಿತು.

ಇದೇ ಕಾಲದಲ್ಲಿ ಪ್ರಾಣಿಗಳ ಚಲನೆಯು ವಿಜ್ಞಾನಿಗಳ ಕುತೂಹಲಕ್ಕೂ ಗುರಿಯಾಯಿತು. ೧೮೭೮ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಯಂತ್ರಗಳನ್ನು ಸಾಲಾಗಿ ಇರಿಸಿ, ಓಡುವ ಕುದುರೆಯ ಕಾಲುಗಳು ಒಂದು ಕ್ಷಣ ನಾಲ್ಕೂ ನೆಲವನ್ನು ಬಿಡುತ್ತವೆಂಬುದನ್ನು ಎಲ್ಲರಿಗೂ ಕಾಣಿಸಿಕೊಟ್ಟನು. ೧೮೮೭ರಲ್ಲಿ ಅವನು ಪ್ರಕಟಿಸಿದ ಸಂಗ್ರಹದಲ್ಲಿ ೭೮೧ ಫಲಕಗಳಿವೆ. ಬೆಕ್ಕು, ನಾಯಿ, ಎತ್ತು, ಪಕ್ಷಿ ಮೊದಲಾದವು ಅದರಲ್ಲಿ ಹೆಜ್ಜೆಹೆಜ್ಜೆಯಾಗಿ ನಡೆದಿವೆ.

ಫ್ರಾನ್ಸಿನ ಶರೀರಶಾಸ್ತ್ರಜ್ಞನಾದ ಎತಿಯನ್ ಜೂಲ್ ಮಾರೇ ೧೮೮೨ರಲ್ಲಿ ಬಂದೂಕಿನ ಆಕಾರದ ಯಂತ್ರವನ್ನು ರಚಿಸಿದನು. ಸೆಕೆಂಡಿಗೆ ೧೨ ಚಿತ್ರಗಳನ್ನು ತೆಗೆಯುವ ಈ ಬಂದೂಕಿನಿಂದ ಅವನು ಹಾರುವ ಹಕ್ಕಿಗಳಿಗೆ ಗುರಿಯಿಟ್ಟನು. ಹಕ್ಕಿಗಳು ಗಾಯವಿಲ್ಲದೆ ಹಾರಿಹೋದುವು, ಅವುಗಳ ರೆಕ್ಕೆಯ ಗತಿಯು ಉಳಿಯಿತು. ೧೮೯೪ರಲ್ಲಿ ಅವನು ಒಂದು ಬೆಕ್ಕನ್ನು ಬೆನ್ನು ಕೆಳಗಾಗಿ ಹಿಡಿದು ಬಿಡಿಸಿ, ಅದು ಬೀಳುವ ಬಗೆಯನ್ನು ಸಾಲುಚಿತ್ರಗಳಲ್ಲಿ ಹಿಡಿದನು. ಬೆಕ್ಕು ಹೇಗೆ ಬಿದ್ದರೂ ಕಾಲಮೇಲೆಯೆ ನಿಲ್ಲುತ್ತದೆಂಬುದು ಹಳ್ಳಿಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಆಧಾರವೇನೂ ಇಲ್ಲದೆ ಗಾಳಿಯಲ್ಲಿ ಒಂದು ದೇಹವು ತಾನಾಗಿ ತಿರುಗಲಾರದೆಂದು ಭಾವಿಸಿದ್ದ ಪಂಡಿತರಿಗೆ ಇದು ದೊಡ್ಡ ಸಮಸ್ಯೆಯಾಯಿತು. ಪ್ಯಾರಿಸಿನ ವಿಜ್ಞಾನ ಪರಿಷತ್ತಿನಲ್ಲಿ ಚರ್ಚೆ ನಡೆಯಿತು. ಚಿತ್ರಗಳನ್ನು ಒಂದೊಂದಾಗಿ ನೋಡಿದಾಗ ಬೆಕ್ಕು ತನ್ನ ದೇಹದ ಮುಂಭಾಗವನ್ನು ಒಂದು ಕಡೆಗೂ ಹಿಂಭಾಗವನ್ನು ಮತ್ತೊಂದು ಕಡೆಗೂ ತಿರುಚುತ್ತ, ಕಾಲುಗಳನ್ನು ಒಮ್ಮೆ ಮಡಿಚಿ ಒಮ್ಮೆ ಚಾಚುತ್ತ ತಿರುಗಿಕೊಳ್ಳುವುದು ಕಂಡುಬಂದಿತು. ಯಾವ ಪ್ರಾಣಿಯ ಗತಿಯನ್ನು ಅರ್ಧ ಶತಮಾನದ ಹಿಂದೆ ತಗಡು ಹಿಡಿಯಲಾರದೆ ಹೋಗಿದ್ದಿತೋ ಅದರ ಒಂದು ಹೊರಳನ್ನು ವಿದ್ವಾಂಸರು ಮೇಜಿನ ಮೇಲೆ ಹರಡಿಕೊಂಡು ಓದುವಂತಾಯಿತು.

ಪ್ರಯೋಗಶಾಲೆಯಿಂದ ಈ ಶಕ್ತಿಯನ್ನು ಬೀದಿಗೆ ತಂದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. ೧೮೮೮ರಲ್ಲಿ ಅವನು ಮಾರಿದ ಕೊಡಕ್ ಯಂತ್ರದ ಬೆಲೆ ೨೫ ಡಾಲರು. ಅದರ ಸುರುಳಿಯಲ್ಲಿ ೧೦೦ ಚಿತ್ರಗಳಿಗೆ ಸ್ಥಳವಿದ್ದಿತು. ಚಿತ್ರಗಳು ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ತೊಳೆದು ಅಚ್ಚಿಳಿಸಿ ಕೊಡುತ್ತಿದ್ದರು. ೧೯೦೦ರಲ್ಲಿ ಬಂದ ಬ್ರೌನಿ ಎಂಬ ಪೆಟ್ಟಿಗೆಗೆ ಒಂದೇ ಡಾಲರು. ಹೀಗೆ ಹವ್ಯಾಸಕ್ಕಾಗಿ ನಡೆದಾಡುವವನ ಕೈಗೆ ಯಂತ್ರವು ಬಂದಿತು.

ನಗರದ ಬೀದಿಯಲ್ಲಿ ದುಡಿಯುವ ಪ್ರಾಣಿಯನ್ನು ಕಲೆಯ ವಸ್ತುವನ್ನಾಗಿ ಮಾಡಿದ ಚಿತ್ರಗಳಲ್ಲಿ ಆಲ್‌ಫ್ರೆಡ್ ಸ್ಟೀಗ್ಲಿಟ್ಸನು ೧೮೯೩ರಲ್ಲಿ ನ್ಯೂಯಾರ್ಕಿನಲ್ಲಿ ಕೈಯಂತ್ರದಿಂದ ತೆಗೆದ 'ಟರ್ಮಿನಲ್' ಎಂಬುದಕ್ಕೆ ಹಿರಿಯ ಸ್ಥಾನವಿದೆ. ಹಿಮ ಬಿದ್ದ ಬೀದಿ; ಕಂಬಿಯ ಮೇಲೆ ಓಡುವ ಗಾಡಿಯನ್ನು ಎಳೆದು ಬಂದು ನಿಂತ ಕುದುರೆಗಳು; ಬೆವರಿದ ಮೈಗಳಿಂದ ಏಳುತ್ತಿರುವ ಹಬೆ; ಅವುಗಳ ಉಪಚಾರದಲ್ಲಿ ತೊಡಗಿದ ಗಾಡಿಯವನು. ಡಾಗೇರನ ಬೀದಿಯಲ್ಲಿ ಮಾಯವಾಗಿದ್ದ ಕುದುರೆಗಳು ಇಲ್ಲಿ ಉಸಿರಿನ ಸಹಿತವಾಗಿ ಸಿಕ್ಕಿವೆ. ಆದರೆ ಯಂತ್ರವು ಕುದುರೆಯನ್ನು ಹಿಡಿಯಬಲ್ಲದ್ದಾದ ಕಾಲದಲ್ಲಿಯೇ ಕುದುರೆಯು ಬೀದಿಯಿಂದ ತೆರಳತೊಡಗಿತು. ವಿದ್ಯುತ್ತಿನ ಗಾಡಿಗಳೂ ಮೋಟಾರುಗಳೂ ಬಂದುವು. ನ್ಯೂಯಾರ್ಕಿನ ಕಟ್ಟಕಡೆಯ ಕುದುರೆ ಟ್ರಾಮು ೧೯೧೭ರಲ್ಲಿ ನಿಂತುಹೋಯಿತು. ಸ್ಟೀಗ್ಲಿಟ್ಸನಿಗೆ ಅಂದು ಅದು ನಿತ್ಯದ ನೋಟ. ಇಪ್ಪತ್ತೈದು ವರ್ಷಗಳೊಳಗೆ ಅದು ಇತಿಹಾಸದ ದಾಖಲೆ.

೪

ಬೀದಿಯ ಪ್ರಾಣಿಗೂ ಛಾಯಾಚಿತ್ರಕ್ಕೂ ಇರುವ ಸಂಬಂಧವು ಎಲ್ಲಕ್ಕಿಂತ ಗಾಢವಾಗಿಯೂ ದುಃಖಕರವಾಗಿಯೂ ಕಂಡುಬರುವುದು ಇಸ್ತಾನ್‌ಬುಲ್ ನಗರದಲ್ಲಿ. ಉಸ್ಮಾನಿಯ ಸುಲ್ತಾನರ ರಾಜಧಾನಿಯಾಗಿದ್ದ ಆ ನಗರದಲ್ಲಿ ಯಜಮಾನರಿಲ್ಲದ ನಾಯಿಗಳೂ ಬೆಕ್ಕುಗಳೂ ಶತಮಾನಗಳಿಂದ ಮನುಷ್ಯರ ನೆರೆಯವರಾಗಿ ಬಾಳಿದ್ದುವು. ಅವುಗಳಿಗೆ ಅನ್ನ ನೀರು ಇಡುವುದು ಪುಣ್ಯವೆಂದು ಜನರು ನಂಬಿದ್ದರು. ಪ್ರತಿಯೊಂದು ಕೇರಿಗೂ ತನ್ನದೇ ಆದ ನಾಯಿಗಳ ಗುಂಪು. ಒಂದು ಕೇರಿಯದು ಮತ್ತೊಂದಕ್ಕೆ ಕಾಲಿಡುವಂತಿಲ್ಲ. ಅವು ಕಸವನ್ನು ತಿಂದು ಬೀದಿಯನ್ನು ಸ್ವಚ್ಛಗೊಳಿಸುತ್ತಿದ್ದುವು. ರಾತ್ರಿ ಅಪರಿಚಿತನು ಬಂದರೆ ಕೂಗಿ ಎಚ್ಚರಿಸುತ್ತಿದ್ದುವು.

ಯೂರೋಪಿನಿಂದಲೂ ಅಮೆರಿಕದಿಂದಲೂ ಬಂದ ಪ್ರವಾಸಿಗಳಿಗೆ ಇದೊಂದು ವಿಚಿತ್ರವಾಗಿ ತೋರಿತು. ೧೮೬೭ರಲ್ಲಿ ಅಲ್ಲಿಗೆ ಹೋಗಿದ್ದ ಮಾರ್ಕ್ ಟ್ವೇನನು ೧೮೬೯ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಆ ನಾಯಿಗಳಿಗಾಗಿ ಹಲವು ಪುಟಗಳನ್ನು ಮೀಸಲಿಟ್ಟಿದ್ದಾನೆ. ನಗರದ ಪ್ರಸಿದ್ಧ ಛಾಯಾಚಿತ್ರಗಾರರಾದ ಅಬ್ದುಲ್ಲಾ ಸೋದರರೂ ಸೆಬಾ ಮತ್ತು ಜೋಯಿಯೇ ಸಂಸ್ಥೆಯವರೂ ಬೀದಿಯ ನಾಯಿಗಳ ಚಿತ್ರಗಳನ್ನು ತೆಗೆದು ಪ್ರವಾಸಿಗಳಿಗೆ ಮಾರಿದರು. ಹಗಲಿನಲ್ಲಿ ಆ ನಾಯಿಗಳು ಬೀದಿಯ ನಡುವೆಯೇ ಗುಂಪಾಗಿ ನಿದ್ರಿಸುವ ಸ್ವಭಾವದವು. ನಿಧಾನವಾದ ಫಲಕಕ್ಕೂ ಅವು ಸುಲಭವಾಗಿ ಒದಗುತ್ತಿದ್ದುವು. ಪ್ರಪಂಚದಲ್ಲಿ ಯಜಮಾನರಿಲ್ಲದ ಪ್ರಾಣಿಗಳು ಅಷ್ಟು ಸಂಖ್ಯೆಯಲ್ಲಿ, ತಾವು ಬಾಳುವ ಸ್ಥಳದಲ್ಲಿಯೇ ಚಿತ್ರಕ್ಕೆ ಬಂದುದು ಅಲ್ಲಿ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಆದರೆ ಆ ಚಿತ್ರಗಳನ್ನು ಕೊಂಡವರ ಮನಸ್ಸಿನಲ್ಲಿ ಅವು ಬೇರೆಯೇ ಅರ್ಥವನ್ನು ಪಡೆದುವು. ಬೀದಿಯಲ್ಲಿ ಮಲಗಿದ ನಾಯಿಯು ಹಿಂದುಳಿದ ನಗರದ ಗುರುತು ಎಂಬ ಭಾವನೆಯನ್ನು ಅಂಚೆಯ ಕಾರ್ಡುಗಳು ಮನೆಮನೆಗೆ ಮುಟ್ಟಿಸಿದುವು. ಸುಲ್ತಾನ ಎರಡನೆಯ ಅಬ್ದುಲ್ ಹಮೀದನು ತನ್ನ ರಾಜ್ಯದ ಪ್ರಗತಿಯನ್ನು ತೋರಿಸುವುದಕ್ಕಾಗಿ ೧೮೯೩ರಲ್ಲಿ ಅಮೆರಿಕಕ್ಕೆ ೫೧ ಚಿತ್ರಸಂಪುಟಗಳನ್ನು ಕಾಣಿಕೆಯಾಗಿ ಕಳುಹಿಸಿದನು. ಶಾಲೆಗಳು, ಆಸ್ಪತ್ರೆಗಳು, ಸೈನ್ಯ, ನೌಕಾಬಲ, ಜೊತೆಗೆ ಅರಮನೆಯ ಲಾಯದ ಉತ್ತಮ ಕುದುರೆಗಳು ಅವುಗಳಲ್ಲಿವೆ. ಸರಕಾರವು ತೋರಿಸಬಯಸಿದ ಪ್ರಾಣಿ ಒಂದು, ಪ್ರವಾಸಿಯು ಕೊಂಡೊಯ್ದ ಪ್ರಾಣಿ ಮತ್ತೊಂದು.

ನಾಯಿಗಳನ್ನು ನಗರದಿಂದ ಹೊರಹಾಕುವ ಪ್ರಯತ್ನಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಡೆದಿದ್ದುವು. ಜನರ ವಿರೋಧದಿಂದ ಅವು ಸಾಗಲಿಲ್ಲ. ೧೯೦೮ರ ಕ್ರಾಂತಿಯ ತರುವಾಯ ಅಧಿಕಾರಕ್ಕೆ ಬಂದ ತರುಣ ತುರ್ಕರು ರಾಜಧಾನಿಯನ್ನು ಯೂರೋಪಿನ ಪಟ್ಟಣಗಳಂತೆ ಮಾಡಬೇಕೆಂದು ಹೊರಟರು. ೧೯೧೦ರಲ್ಲಿ ಹತ್ತಾರು ಸಾವಿರ ನಾಯಿಗಳನ್ನು ಹಿಡಿದು ದೋಣಿಗಳಲ್ಲಿ ತುಂಬಿ, ಮರ್ಮರ ಸಮುದ್ರದಲ್ಲಿರುವ ಸಿವ್ರಿಯಾದ ಎಂಬ ಬರಿಯ ಬಂಡೆಯ ದ್ವೀಪಕ್ಕೆ ಸಾಗಿಸಿ ಬಿಟ್ಟರು. ಅಲ್ಲಿ ಅನ್ನವೂ ಇಲ್ಲ, ಕುಡಿಯುವ ನೀರೂ ಇಲ್ಲ. ಹಸಿವೆಯಿಂದಲೂ ಬಾಯಾರಿಕೆಯಿಂದಲೂ ಅವು ಒಂದನ್ನೊಂದು ತಿಂದು ಸತ್ತುವು. ಈಜಿ ಬರಲು ಯತ್ನಿಸಿ ಮುಳುಗಿದುವು. ಅವುಗಳ ಗೋಳು ಗಾಳಿ ಬೀಸಿದಾಗ ದಡದವರೆಗೂ ಕೇಳುತ್ತಿದ್ದಿತೆಂದು ಹೇಳುತ್ತಾರೆ. ಆ ದ್ವೀಪದ ದಡದಲ್ಲಿ ನಾಯಿಗಳು ನೆರೆದು ಸಮುದ್ರದ ಕಡೆಗೆ ನೋಡುತ್ತಿರುವ ಛಾಯಾಚಿತ್ರಗಳು ಉಳಿದುಬಂದಿವೆ.

ಈ ಘಟನೆಯನ್ನು ಕುರಿತು ಒಂದು ಮಾತನ್ನು ಹೇಳಬೇಕು. ನಾಯಿಗಳ ಚಿತ್ರವೇ ಅವುಗಳ ನಾಶಕ್ಕೆ ಕಾರಣವಾಯಿತೆಂದು ಹೇಳುವುದು ಸರಿಯಲ್ಲ. ಹುಚ್ಚುನಾಯಿಯ ರೋಗದ ಭಯ, ಬೀದಿಗಳನ್ನು ಅಗಲಮಾಡುವ ಯೋಜನೆ, ಟ್ರಾಮಿನ ಓಡಾಟ, ಹೊಸ ಆರೋಗ್ಯಶಾಸ್ತ್ರ ಇವೆಲ್ಲವೂ ಸೇರಿದ್ದುವು. ಆದರೂ ನಗರವು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆಂಬ ಚಿಂತೆಯು ಆಳುವವರನ್ನು ಕಾಡತೊಡಗಿದಾಗ, ಆ ಕಣ್ಣಿಗೆ ಮೊದಲು ಬಿದ್ದ ಪ್ರಾಣಿಗೆ ಉಳಿಗಾಲವಿಲ್ಲದೆ ಹೋಯಿತು. ಚಿತ್ರವು ದಯೆಯನ್ನು ಹುಟ್ಟಿಸಬಹುದು, ನಾಚಿಕೆಯನ್ನೂ ಹುಟ್ಟಿಸಬಹುದು. ಎರಡರಲ್ಲಿ ಯಾವುದು ಗೆಲ್ಲುವುದೆಂಬುದು ನೋಡುವವನ ಮನಸ್ಸನ್ನು ಅವಲಂಬಿಸಿದೆ.

೫

೧೯೨೫ರಲ್ಲಿ ಜರ್ಮನಿಯ ಲೈಪ್‌ಝಿಗ್ ಜಾತ್ರೆಯಲ್ಲಿ ಲೈಕಾ ಯಂತ್ರವು ಪ್ರಕಟವಾಯಿತು. ಅಂಗಿಯ ಜೇಬಿನಲ್ಲಿ ಅಡಗುವಷ್ಟು ಸಣ್ಣದು. ಸದ್ದು ಬಹು ಕಡಿಮೆ. ಒಂದು ಸುರುಳಿಗೆ ೩೬ ಚಿತ್ರಗಳು. ಇದನ್ನು ಹಿಡಿದವನು ಬೀದಿಯಲ್ಲಿ ಎಲ್ಲರಂತೆ ನಡೆಯುತ್ತಲೇ ಚಿತ್ರವನ್ನು ತೆಗೆಯಬಹುದಾಯಿತು. ಗುಡಾರವನ್ನೂ ಮುಕ್ಕಾಲಿಯನ್ನೂ ಕಂಡು ಓಡುತ್ತಿದ್ದ ಬೆಕ್ಕು ಈಗ ಗೋಡೆಯ ಮೇಲೆ ಕುಳಿತಲ್ಲಿಯೇ ಕುಳಿತು ಕಣ್ಣನ್ನು ಕಿರಿದುಮಾಡಿ ನೋಡುವಷ್ಟು ಸಲಿಗೆಯುಂಟಾಯಿತು. ಅಡ್ಡಾಡುತ್ತ ಚಿತ್ರಗಳನ್ನು ತೆಗೆಯುವ ಹವ್ಯಾಸವು ಆ ಬಳಿಕ ಒಂದು ಕಲೆಯಾಗಿಯೇ ಬೆಳೆಯಿತು.

ಈ ಕಲೆಯಲ್ಲಿ ಪ್ರಾಣಿಗಳಿಗೆ ಸ್ಥಾನವನ್ನು ಕೊಟ್ಟವರಲ್ಲಿ ಮೂವರನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. ಮೂವರ ದೃಷ್ಟಿಯೂ ಬೇರೆಬೇರೆಯಾಗಿದೆ. ೧೯೪೯ರ ಚಳಿಗಾಲದಲ್ಲಿ ವಾಲ್ಟರ್ ಚಂದೋಹನೆಂಬ ತರುಣನು ನ್ಯೂಯಾರ್ಕಿನ ಹಿಮದಲ್ಲಿ ನಡುಗುತ್ತಿದ್ದ ಬೀದಿಯ ಮರಿಬೆಕ್ಕೊಂದನ್ನು ಕಂಡು ಮನೆಗೆ ಎತ್ತಿ ತಂದನು. ಎರಡನೆಯ ಮಹಾಯುದ್ಧದಲ್ಲಿ ಯುದ್ಧದ ಚಿತ್ರಗಳನ್ನು ತೆಗೆದಿದ್ದ ಅವನು ಅಂದಿನಿಂದ ಬೆಕ್ಕಿನ ಚಿತ್ರಗಾರನಾದನು. ೨೦೧೯ರಲ್ಲಿ ತೀರಿಕೊಳ್ಳುವ ವೇಳೆಗೆ ಅವನು ತೆಗೆದ ಬೆಕ್ಕಿನ ಚಿತ್ರಗಳು ತೊಂಬತ್ತು ಸಾವಿರಕ್ಕೂ ಮಿಗಿಲಾಗಿದ್ದುವು. ಎಲಿಯಟ್ ಅರ್ವಿಟ್ಟನು (೧೯೨೮-೨೦೨೩) ಯಂತ್ರವನ್ನು ನೆಲದ ಮಟ್ಟಕ್ಕೆ ಇಳಿಸಿದನು. ಅವನ ಹಲವು ಪ್ರಸಿದ್ಧ ಚಿತ್ರಗಳಲ್ಲಿ ಮನುಷ್ಯರು ಮೊಣಕಾಲಿನವರೆಗೆ ಮಾತ್ರ ಕಾಣುತ್ತಾರೆ. ನಾಯಿಯೇ ಪೂರ್ಣವಾಗಿ ಕಾಣುತ್ತದೆ. ನಾಯಿಗೆ ನಗರವು ಹೇಗೆ ಕಾಣುವುದೆಂದು ಅವನು ಹೀಗೆ ತೋರಿಸಿದನು. ಜಪಾನಿನ ದೈದೋ ಮೊರಿಯಾಮನು ೧೯೭೧ರಲ್ಲಿ ಅಮೆರಿಕದ ವಿಮಾನನೆಲೆಯಿದ್ದ ಮಿಸಾವ ಪಟ್ಟಣದಲ್ಲಿ ತೆಗೆದ ಬೀದಿನಾಯಿಯ ಚಿತ್ರದಲ್ಲಿ ಇಂಥ ವಿನೋದವಿಲ್ಲ. ಒರಟು ಕೂದಲಿನ ನಾಯಿಯೊಂದು ತಲೆಯನ್ನು ತಗ್ಗಿಸಿ ಹಿಂದಿರುಗಿ ನೋಡುತ್ತಿದೆ. ಆ ನೋಟದಲ್ಲಿ ಸ್ನೇಹವೂ ಇಲ್ಲ, ಬೇಡಿಕೆಯೂ ಇಲ್ಲ. ಯುದ್ಧದಲ್ಲಿ ಸೋತು ಪರರ ಸೈನ್ಯವನ್ನು ನೆಲದಲ್ಲಿಟ್ಟುಕೊಂಡ ದೇಶದ ಮನಸ್ಸನ್ನು ವಿಮರ್ಶಕರು ಅದರಲ್ಲಿ ಕಂಡಿದ್ದಾರೆ.

ಭಾರತದೊಡನೆ ಸಂಬಂಧವುಳ್ಳವಳು ಇಲ್ಲಾ ಎಂಬ ಹೆಸರಿನಿಂದ ಪ್ರಸಿದ್ಧಳಾದ ಕಮಿಲ್ಲಾ ಕಾಫ್ಲರ್. ೧೯೧೧ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಆಕೆ ಪ್ಯಾರಿಸಿನಲ್ಲಿ ನಾಯಿಬೆಕ್ಕುಗಳ ಚಿತ್ರಗಳಿಂದ ಹೆಸರಾಗಿ, ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಹೋದಳು. ಪ್ರಾಣಿಗಳ ಚಿತ್ರಗಳಿಗಾಗಿಯೇ ಭಾರತಕ್ಕೆ ಬಂದಿದ್ದಾಗ, ೧೯೫೫ರಲ್ಲಿ ಭರತಪುರದಲ್ಲಿ ಎತ್ತಿನ ಗಾಡಿಗಳ ಪಂದ್ಯವನ್ನು ಚಿತ್ರಿಸುತ್ತ ಜೀಪಿನಿಂದ ಬಿದ್ದು ಪ್ರಾಣಬಿಟ್ಟಳು. ಆಕೆಯ ಭಾರತೀಯ ಪ್ರಾಣಿಚಿತ್ರಗಳು ೧೯೫೮ರಲ್ಲಿ ಪುಸ್ತಕವಾಗಿ ಹೊರಬಂದುವು.

ಕನ್ನಡನಾಡು ಅರಣ್ಯದ ಛಾಯಾಚಿತ್ರಕ್ಕೆ ಪ್ರಸಿದ್ಧವಾದುದು. ಸಂಡೂರಿನ ಎಂ. ವೈ. ಘೋರ್ಪಡೆಯವರೂ (೧೯೩೧-೨೦೧೧) ಬೆಂಗಳೂರಿನ ಟಿ. ಎನ್. ಎ. ಪೆರುಮಾಳರೂ (೧೯೩೨-೨೦೧೭) ಆನೆ, ಹುಲಿ, ಪಕ್ಷಿಗಳ ಚಿತ್ರಗಳಿಂದ ದೇಶದ ಹೊರಗೂ ಗೌರವವನ್ನು ಪಡೆದರು. ಹುಲಿಗಾಗಿ ದಿನಗಟ್ಟಲೆ ಮರದ ಮೇಲೆ ಕಾಯುವ ತಾಳ್ಮೆಯನ್ನು ನಾಡು ಮೆಚ್ಚಿತು. ಮನೆಯ ಮುಂದಿನ ಚರಂಡಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುವ ಬೆಕ್ಕಿಗಾಗಿ ಯಾರಾದರೂ ಕಾಯುತ್ತಾರೆಂದರೆ ಹಿಂದೆ ಜನರು ನಗುತ್ತಿದ್ದರು. ೨೦೦೦ದಲ್ಲಿ ಜಪಾನಿನಲ್ಲಿ ದೂರವಾಣಿಯೊಳಗೇ ಛಾಯಾಯಂತ್ರವನ್ನಿಟ್ಟು ಮಾರತೊಡಗಿದ ಮೇಲೆ ಆ ನಗುವಿಗೆ ಅವಕಾಶವೇ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಯಂತ್ರವು ಎಲ್ಲರ ಜೇಬನ್ನೂ ಸೇರಿತು. ಬೆಳಗಿನ ನಡಿಗೆಗೆ ಹೊರಟವರಲ್ಲಿ ಬೀದಿಯ ಪ್ರಾಣಿಯ ಚಿತ್ರವನ್ನು ಎಂದೂ ತೆಗೆಯದವರೇ ಅಪರೂಪವಾದರು.

೬

ಇಸ್ತಾನ್‌ಬುಲ್ಲಿನ ಕಥೆಯು ೧೯೧೦ಕ್ಕೆ ಮುಗಿಯಲಿಲ್ಲ. ಬೀದಿಯ ಪ್ರಾಣಿಗಳು ಮತ್ತೆ ಆ ನಗರವನ್ನು ತುಂಬಿದುವು. ಕಾದಿಕೊಯ್ ವಿಭಾಗದಲ್ಲಿ ತೊಂಬಿಲಿ ಎಂಬ ದಪ್ಪನೆಯ ಬೀದಿಬೆಕ್ಕೊಂದಿದ್ದಿತು. ಕಾಲುದಾರಿಯ ಮೆಟ್ಟಿಲಿಗೆ ಒಂದು ಮೊಣಕೈಯನ್ನೂರಿ, ಜಗಲಿಯಲ್ಲಿ ದಿಂಬಿಗೊರಗಿದ ಸಾಹುಕಾರನಂತೆ ಅದು ಕುಳಿತಿದ್ದ ಭಂಗಿಯ ಛಾಯಾಚಿತ್ರವು ಲೋಕದಲ್ಲೆಲ್ಲ ಹರಡಿತು. ೨೦೧೬ರಲ್ಲಿ ಆ ಬೆಕ್ಕು ಸತ್ತಾಗ ನೆರೆಯವರು ನಗರಸಭೆಯನ್ನು ಕೇಳಿಕೊಂಡರು. ಅದೇ ವರ್ಷ ಅಕ್ಟೋಬರ್ ೪ರಂದು, ಅದು ಕೂರುತ್ತಿದ್ದ ಸ್ಥಳದಲ್ಲಿಯೇ, ಅದೇ ಭಂಗಿಯಲ್ಲಿ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಮುಂದಿನ ತಿಂಗಳಲ್ಲಿ ಯಾರೋ ಅದನ್ನು ಕದ್ದರು, ಜನರ ಗದ್ದಲವೆದ್ದಿತು, ಪ್ರತಿಮೆ ಹಿಂದಿರುಗಿ ಬಂದಿತು. ಆತಕೂರಿನ ಕಲ್ಲಿಗೂ ಈ ಕಂಚಿಗೂ ಸುಮಾರು ೧,೦೬೬ ವರ್ಷಗಳ ಅಂತರ. ಕಾಳಿಗೆ ಅರಸನ ಪ್ರಸಾದವಿದ್ದಿತು, ಶೌರ್ಯವಿದ್ದಿತು. ತೊಂಬಿಲಿಯು ಯಾವ ಯುದ್ಧವನ್ನೂ ಮಾಡಲಿಲ್ಲ. ಬೀದಿಯಲ್ಲಿ ಸುಮ್ಮನೆ ಕುಳಿತಿದ್ದಿತು, ದಾರಿಹೋಕನೊಬ್ಬನು ಚಿತ್ರವನ್ನು ತೆಗೆದನು.

ಆದರೆ ಚಿತ್ರದ ಮಹಿಮೆಯನ್ನು ಮಿತಿಮೀರಿ ಹೊಗಳುವಂತಿಲ್ಲ. ತುರ್ಕಿಯಲ್ಲಿ ೨೦೦೪ರ ಕಾನೂನಿನ ಪ್ರಕಾರ ಬೀದಿಯ ಪ್ರಾಣಿಗಳಿಗೆ ಸಂತಾನನಿರೋಧದ ಶಸ್ತ್ರಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿ ಅವುಗಳ ಸ್ಥಳಕ್ಕೇ ಬಿಡಬೇಕಾಗಿದ್ದಿತು. ೨೦೨೪ರ ಜುಲೈ ತಿಂಗಳಿನಲ್ಲಿ ಅಲ್ಲಿನ ಶಾಸನಸಭೆಯು ಆ ಕಾನೂನನ್ನು ತಿದ್ದಿ, ಬೀದಿನಾಯಿಗಳನ್ನು ಹಿಡಿದು ಆಶ್ರಯಗೃಹಗಳಲ್ಲಿಡಬೇಕೆಂದು ವಿಧಿಸಿತು. ವಿರೋಧಿಸಿದವರು ಸಿವ್ರಿಯಾದ ದ್ವೀಪವನ್ನು ನೆನಪಿಗೆ ತಂದರು. ಭಾರತದಲ್ಲಿಯೂ ಈ ವಿವಾದವು ಹೊಸದಲ್ಲ. ೨೦೦೧ರ ನಿಯಮಗಳೂ ಅವುಗಳ ಬದಲು ಬಂದ ೨೦೨೩ರ ನಿಯಮಗಳೂ ನಾಯಿಗಳಿಗೆ ಶಸ್ತ್ರಚಿಕಿತ್ಸೆಯನ್ನೂ ಲಸಿಕೆಯನ್ನೂ ವಿಧಿಸಿದುವು. ೨೦೨೫ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳನ್ನು ಹಿಡಿದು ಆಶ್ರಯಗೃಹಗಳಿಗೆ ಸೇರಿಸಬೇಕೆಂದು ಆಜ್ಞೆಮಾಡಿತು. ಆಗಸ್ಟ್ ೨೨ರಂದು ಮೂವರು ನ್ಯಾಯಾಧೀಶರ ಪೀಠವು ಅದನ್ನು ಮಾರ್ಪಡಿಸಿ, ರೋಗಪೀಡಿತವಾದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಟ್ಟು ಉಳಿದವನ್ನು ಲಸಿಕೆಯ ತರುವಾಯ ಹಿಡಿದಲ್ಲಿಗೇ ಬಿಡಬೇಕೆಂದು ಹೇಳಿತು. ನಾಯಿ ಕಚ್ಚಿದ ಮಗುವಿನ ತಾಯಿಗೂ, ಕೇರಿಯ ನಾಯಿಗೆ ಹತ್ತು ವರ್ಷ ಅನ್ನವಿಟ್ಟ ಮುದುಕಿಗೂ ತಮ್ಮತಮ್ಮ ನ್ಯಾಯವುಂಟು. ಒಂದು ಸುಂದರವಾದ ಚಿತ್ರವು ಈ ವ್ಯಾಜ್ಯವನ್ನು ತೀರಿಸಲಾರದು.

ಹಾಗಾದರೆ ಅಡ್ಡಾಡುತ್ತ ತೆಗೆದ ಈ ಚಿತ್ರಗಳಿಂದ ಪ್ರಯೋಜನವೇನು? ಇತಿಹಾಸದ ದೃಷ್ಟಿಯಿಂದ ನೋಡಿದರೆ ಪ್ರಯೋಜನವು ಸಾಮಾನ್ಯವಾದುದಲ್ಲ. ಭಾರತದಲ್ಲಿ ಶಸ್ತ್ರಚಿಕಿತ್ಸೆಯಾದ ನಾಯಿಯ ಕಿವಿಯಲ್ಲಿ ಗುರುತಿಗಾಗಿ ಸಣ್ಣ ಕಚ್ಚನ್ನು ಮಾಡುವ ಪದ್ಧತಿಯುಂಟು. ಕಿವಿ ಚೆನ್ನಾಗಿ ಕಾಣುವ ಒಂದು ಚಿತ್ರವು ಆ ಕೇರಿಗೆ ಚಿಕಿತ್ಸೆಯು ಮುಟ್ಟಿದುದಕ್ಕೆ ಸಾಕ್ಷಿ. ಕಚ್ಚಿಲ್ಲದ ಹತ್ತು ಚಿತ್ರಗಳು ಮುಟ್ಟದಿರುವುದಕ್ಕೆ ಸಾಕ್ಷಿ. ಪಕ್ಕೆಲುಬುಗಳು ಎದ್ದು ಕಾಣುವುದೋ ಇಲ್ಲವೋ, ಹಿಂದುಗಡೆಯಲ್ಲಿ ಕಸದ ತೊಟ್ಟಿಯಿದೆಯೋ ನೀರಿನ ಬಟ್ಟಲಿದೆಯೋ, ದಾರಿಹೋಕರು ಪ್ರಾಣಿಯನ್ನು ಬಳಸಿ ಹೋಗುತ್ತಿರುವರೋ ಒದೆಯುತ್ತಿರುವರೋ, ಇವೆಲ್ಲವನ್ನೂ ನಗರಸಭೆಯ ವರದಿಗಳು ಹೇಳುವುದಿಲ್ಲ, ಚಿತ್ರವು ಹೇಳುತ್ತದೆ. ಇಸ್ತಾನ್‌ಬುಲ್ಲಿನ ನಾಯಿಗಳು ಎಂಥವು, ಎಲ್ಲಿ ಮಲಗುತ್ತಿದ್ದುವು, ಜನರು ಅವುಗಳ ನಡುವೆ ಹೇಗೆ ಹೆಜ್ಜೆಯಿಡುತ್ತಿದ್ದರು ಎಂಬುದನ್ನು ಇಂದು ಅರಿಯುವುದು ಅವನ್ನು ಅಸಹ್ಯಪಟ್ಟುಕೊಂಡು ಕೊಂಡ ಪ್ರವಾಸಿಗಳ ಕಾರ್ಡುಗಳಿಂದಲೇ ಅಲ್ಲವೆ?

ಆ ಕಾರ್ಡುಗಳಲ್ಲಿ ಅನೇಕವು ಯಾವ ವರ್ಷದವು, ಯಾವ ಬೀದಿಯವು ಎಂದು ನಿರ್ಣಯಿಸಲು ವಿದ್ವಾಂಸರು ಶ್ರಮಪಡಬೇಕಾಗಿದೆ. ತೆಗೆದವನಿಗೆ ಅದು ತಿಳ್ಳಿದ್ದಿತು. ಬರೆದಿಡುವಷ್ಟರ ವಿಷಯವೆಂದು ಅವನಿಗೆ ತೋರಲಿಲ್ಲ. ಇಂದಿನ ಹವ್ಯಾಸಿಯು ತೆಗೆದ ಬೆಕ್ಕಿನ ಚಿತ್ರಕ್ಕೂ ಇದೇ ಗತಿ ಬಾರದಿರಬೇಕಾದರೆ ಮಾಡಬೇಕಾದುದು ಬಹಳವೇನಿಲ್ಲ. ದಿನಾಂಕ, ಊರು, ಬೀದಿ, ಕೇರಿಯವರು ಆ ಪ್ರಾಣಿಯನ್ನು ಕರೆಯುವ ಹೆಸರು: ಇಷ್ಟನ್ನು ಚಿತ್ರದ ಜೊತೆಗೆ ಬರೆದಿಟ್ಟರೆ ಸಾಕು. ಆತಕೂರಿನ ಶಾಸನಕಾರನು ಮಾಡಿದ ಕೆಲಸವೂ ಅಷ್ಟೇ. ಅವನು ನಾಯಿಯ ಹೆಸರನ್ನು ಬರೆದನು, ಅದು ಯಾರದೆಂದು ಬರೆದನು, ಎಲ್ಲಿ ಸತ್ತಿತೆಂದು ಬರೆದನು.